ಎಂಟುನೂರು ರೂಪಾಯಿಯ ಸೀತನಿ

ಈ ಸಲ ಸಂಕ್ರಾಂತಿಗೆ ಊರಿಗೆ ಹೊರಡೋ ಮುಂಚೆ ತಮ್ಮನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದ್ದೆ. ‘ವಿಶೇಷ ಏನೂ ಮಾಡಿಸಬೇಡ. ಒಂದು ದಿನ ಹೊಲದಾಗ ಕೂತು ಸೀತನಿ ತಿಂದ್ರೆ ಸಾಕು.’ ಅವನು ‘ಹ್ಞೂಂ, ಬಾ ಬಾ’ ಅಂದಿದ್ದ. ಪುಣೆಯಿಂದ ರಾತ್ರಿ ಬಸ್ಸು, ಬೆಳಿಗ್ಗೆ ದಾವಣಗೆರೆ, ಅಲ್ಲಿಂದ ಜಗಳೂರು ಬಸ್ಸು. ದಾರಿಯುದ್ದಕ್ಕೂ ಬಾಯಲ್ಲಿ ನೀರು. ಮನೆ ಮುಟ್ಟಿ ಕಾಲು ತೊಳೆದು ಕೂತರೆ, ಸ್ಟೀಲ್ ತಟ್ಟೆಯಲ್ಲಿ ಬೇಕರಿ ಪಫ್ಸು, ಪಕ್ಕದಲ್ಲಿ ದೊಡ್ಡ ಬಾಟಲಿ ಕೂಲ್‌ಡ್ರಿಂಕ್ಸು.

‘ಸೀತನಿ?’ ಅಂದೆ.

ತಮ್ಮನ ಹೆಂಡತಿ ನಕ್ಕಳು. ‘ಅಯ್ಯೋ ಭಾವಾರೆ, ಅದನ್ನ ಈಗ ಯಾರು ತಿಂತಾರ್ರೀ? ಅಷ್ಟು ದೂರದಿಂದ ಬಂದೋರಿಗೆ ಜ್ವಾಳದ ತೆನಿ ಸುಟ್ಟು ಕೊಟ್ರೆ ಊರೋರು ಏನಂದಾರು?’

ಒಳ್ಳೆ ಮನಸ್ಸಿನಿಂದಲೇ ಹೇಳಿದಳು, ಪಾಪ. ಆದರೂ ಆ ‘ಊರೋರು ಏನಂದಾರು’ ನನ್ನನ್ನು ಚುಚ್ಚಿತು. ಯಾಕೆ ಅಂತ ಹೇಳಬೇಕಾದರೆ ನಾನೀಗ ಎಲ್ಲಿದ್ದೇನೆ ಅಂತ ಹೇಳಬೇಕು.

ಪುಣೆ ಸೇರಿ 28 ವರ್ಷವಾಯಿತು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಮಕ್ಕಳು ಅವರವರ ದಾರಿ ಹಿಡಿದಿದ್ದರು. ದಿವೆಘಾಟ್ ಹತ್ತಿದರೆ ಸಾಸವಡ, ಅದರಾಚೆ ಒಂದು ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ ಬಾಡಿಗೆಗೆ ಹಿಡಿದೆವು. ‘ಪೇಟೆ ಬಿಟ್ಟು ಈ ವಯಸ್ಸಲ್ಲಿ ಇದೇನು ಹುಚ್ಚು’ ಅಂತ ಆರು ತಿಂಗಳು ಮುಖ ಊದಿಸಿಕೊಂಡಿದ್ದ ನನ್ನಾಕೆ, ಈಗ ಪುಣೆಗೆ ಹೋಗೋಣ ಅಂದರೆ ‘ನೀವೇ ಹೋಗಿ ಬನ್ನಿ’ ಅನ್ನುತ್ತಾಳೆ.

ದೊಡ್ಡ ಸುಖ ಏನಿಲ್ಲ. ಪಕ್ಕದ ಮನೆಯ ಎಮ್ಮೆ ಹಾಲು ಚೊಂಬಿನಲ್ಲಿ ಬರುತ್ತೆ, ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತೆ. ಹಿತ್ತಲಲ್ಲಿ ಎರಡು ಅಂಜೂರದ ಗಿಡ. ಪುರಂದರ ತಾಲ್ಲೂಕಿನ ಅಂಜೂರಕ್ಕೆ ಈ ಕಡೆ ದೊಡ್ಡ ಹೆಸರು. ಹಣ್ಣು ಬಿರಿದ ದಿನವೇ ಕಿತ್ತರೆ ನಮ್ಮದು, ಮಾರನೇ ದಿನ ಹಕ್ಕಿಯದು. ಆಷಾಢ ಹತ್ತಿರ ಬಂದಾಗ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಲ್ಲಕ್ಕಿ ಘಾಟ್ ಹತ್ತಿ ಸಾಸವಡಕ್ಕೆ ಬರುತ್ತೆ. ನೋಡೋಕೆ ಅಂತ ಹೋದವರು ವಾರಕರಿಗಳ ಜೊತೆ ಎರಡು ಮೈಲಿ ನಡೆದೇಬಿಟ್ಟೆವು. ಸಂಜೆ ಮರದ ಸುತ್ತ ಕಟ್ಟಿದ ‘ಪಾರ’ದ ಮೇಲೆ ಕೂರುತ್ತೇನೆ. ನಮ್ಮ ಅರಳಿಕಟ್ಟೆಯೇ, ಭಾಷೆ ಮಾತ್ರ ಬೇರೆ. ಚಳಿಗಾಲದ ಬೆಳಿಗ್ಗೆ ದೂರದಲ್ಲೆಲ್ಲೋ ತಗಡು ಬಡಿದ ಸದ್ದು ಕೇಳುತ್ತೆ, ಬಿಟ್ಟು ಬಿಟ್ಟು. ಅದನ್ನು ಕೇಳುತ್ತಾ ಹೊದಿಕೆಯೊಳಗೆ ಇನ್ನೊಂದು ಹತ್ತು ನಿಮಿಷ ಬಿದ್ದುಕೊಳ್ಳೋದು ನನಗೆ ರೂಢಿಯಾಗಿದೆ.

ಇವೆಲ್ಲದರ ಮೇಲೆ ಹುರಡಾ. ನಮ್ಮ ಸೀತನಿಗೆ ಮರಾಠಿಯಲ್ಲಿ ಹುರಡಾ ಅಂತಾರೆ.

ಮೊದಲ ವರ್ಷದ ಚಳಿಗಾಲದಲ್ಲಿ ಪಕ್ಕದ ಮನೆಯವರು ಹೊಲಕ್ಕೆ ಕರೆದರು. ನೆಲದಲ್ಲಿ ಒಂದು ಗುಂಡಿ, ಅದರ ತುಂಬಾ ಕುಳ್ಳಿನ ಕೆಂಡ. ಹಾಲು ಗಟ್ಟಿಯಾಗುತ್ತಿರೋ ತೆನೆಗಳನ್ನು ದಂಟು ಹಿಡಿದು ಕೆಂಡದಲ್ಲಿ ಹೂತು, ತಿರುವಿ, ತೆಗೆಯುತ್ತಿದ್ದರು. ಬಿಸಿ ಆರುವ ಮುಂಚೆ ಅಂಗೈಯಲ್ಲಿ ತಿಕ್ಕಬೇಕು. ಪೂರಾ ಸುಟ್ಟ ತೆನೆ ಉದುರುತ್ತೆ, ಅರೆ ಸುಟ್ಟದ್ದು ಕೈಗೆ ಅಂಟುತ್ತೆ. ಹೊಟ್ಟು ಊದಿದರೆ ಹಸಿರು ಕಾಳು, ಅಲ್ಲಲ್ಲಿ ಕಪ್ಪು ಚುಕ್ಕೆ. ಬಾಯಿಗೆ ಹಾಕಿಕೊಂಡರೆ ಮೊದಲು ಹೊಗೆ, ಆಮೇಲೆ ಹಾಲು, ಕೊನೆಗೆ ಸಿಹಿ. ಜೊತೆಗೆ ಬೆಳ್ಳುಳ್ಳಿ ಚಟ್ನಿ, ಶೇಂಗಾ ಚಟ್ನಿ, ಗಡಿಗೆ ಮೊಸರು, ಬೆಲ್ಲದ ಚೂರು. ಎಷ್ಟು ಮುಷ್ಟಿ ತಿಂದೆನೋ ಲೆಕ್ಕ ಇಡಲಿಲ್ಲ. ನಲವತ್ತು ವರ್ಷ ಮರೆತಿದ್ದ ರುಚಿ ಅದು. ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂತ ಹೇಳಿ ಒರೆಸಿಕೊಂಡೆ.

ನಮ್ಮ ಹಳ್ಳಿ ದಾಟಿದರೆ ಒಂದು ತೋಟ ಇದೆ. ಡಿಸೆಂಬರ್ ಬಂದರೆ ಅದರ ಗೇಟಿಗೆ ಬೋರ್ಡು ಬೀಳುತ್ತೆ: ‘ಹುರಡಾ ಪಾರ್ಟಿ’. ತಲೆಗೆ 800 ರೂಪಾಯಿ. ಶನಿವಾರ, ಭಾನುವಾರ ಪುಣೆಯಿಂದ ಸಾಲುಗಟ್ಟಿ ಕಾರು. ಮಧ್ಯಾಹ್ನಕ್ಕೆ ಪಿಠಲ, ಭಾಕರಿ, ಠೇಚಾ. ನಮ್ಮ ಜುಣಕ, ರೊಟ್ಟಿ, ಹಸಿಮೆಣಸಿನಕಾಯಿ ಖಾರ ಅಂದುಕೊಳ್ಳಿ. ಮಕ್ಕಳಿಗೆ ಎತ್ತಿನ ಗಾಡಿ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕೃಷಿ ಪ್ರವಾಸಕ್ಕೆಂದೇ ಒಂದು ನೀತಿ ತಂದಿದೆ. ರಾಹುರಿಯ ಕೃಷಿ ವಿಶ್ವವಿದ್ಯಾಲಯ ಹುರಡಾ ತಿನ್ನೋಕೆ ಅಂತಲೇ ಬೇರೆ ತಳಿ ಮಾಡಿದೆ. ಸುಟ್ಟ ಜೋಳದ ತೆನೆಗೆ ಇಷ್ಟು ಮರ್ಯಾದೆ!

ದುಡ್ಡಿನ ಮಾತು ಹಾಗಿರಲಿ, ನನಗೆ ಹೊಟ್ಟೆಕಿಚ್ಚು ಬರೋದು ಅವರ ಬಿಗುಮಾನ ಇಲ್ಲದ ಮಾತಿಗೆ. ನನ್ನ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮರಾಠಿಯವರು ‘ಊರಿಗೆ ಹೋಗಿದ್ದೆ, ಹುರಡಾ ತಂದಿದ್ದೇನೆ’ ಅಂತ ಡಬ್ಬಿ ತೆರೆದು ಮೇಜಿನ ಮೇಲೆ ಇಡುತ್ತಿದ್ದರು. ನಮ್ಮ ಕಡೆ? ದಾವಣಗೆರೆ ಮದುವೆಯೊಂದರಲ್ಲಿ, ಸಿಟಿಯಲ್ಲಿ ಮನೆ ಕಟ್ಟಿರೋ ಹಳೇ ಗೆಳೆಯನಿಗೆ ‘ಊರಲ್ಲಿ ಹೊಲ ಯಾರು ನೋಡ್ಕೊಳ್ತಾರೋ?’ ಅಂತ ಕೇಳಿದೆ. ಅವನು ಬೀಗರ ಕಡೆ ಒಮ್ಮೆ ನೋಡಿ, ಮಾತು ತಿರುಗಿಸಿ ಸೈಟಿನ ರೇಟಿಗೆ ಬಂದ.

ಬೆಣ್ಣೆದೋಸೆ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇವೆ. ಪುಣೆಯಲ್ಲೂ ‘ದಾವಣಗೆರೆ ಬೆಣ್ಣೆದೋಸೆ’ ಬೋರ್ಡು ಕಂಡರೆ ನನ್ನ ಎದೆ ಉಬ್ಬುತ್ತೆ, ಸುಳ್ಳು ಯಾಕೆ ಹೇಳಲಿ. ಮಂಡಕ್ಕಿ ಮಿರ್ಚಿಯ ವಿಷಯಕ್ಕಂತೂ ಜಗಳಕ್ಕೇ ನಿಲ್ಲುತ್ತೇವೆ. ಅವೆಲ್ಲ ಹೋಟೆಲಿನ, ಅಂಗಡಿಯ ತಿಂಡಿ ಅಲ್ವಾ. ಹೊಲದ್ದು ಅಂದ ತಕ್ಷಣ ನಾಲಿಗೆ ಒಳಗೆ ಹೋಗುತ್ತೆ. 2023 ಸಿರಿಧಾನ್ಯಗಳ ವರ್ಷ ಅಂತ ವಿಶ್ವಸಂಸ್ಥೆಯೇ ಸಾರಿತು. ಆಗ ನಮ್ಮ ನೆಂಟರೊಬ್ಬರು ಜೋಳದ ನೂಡಲ್ಸ್ ಪ್ಯಾಕೆಟ್ಟು ತಂದು ತೋರಿಸಿದ್ದರು. ಅವರ ಅಪ್ಪ ಹನ್ನೆರಡು ಎಕರೆ ಬಿಳಿಜೋಳ ಬೆಳೆದವರು!

ಇದನ್ನೆಲ್ಲ ಮನಸ್ಸಲ್ಲಿ ಕಟ್ಟಿಕೊಂಡೇ ಮಾರನೇ ದಿನ ತಮ್ಮನ ಜೊತೆ ಹೊಲಕ್ಕೆ ಹೋದೆ. ಜಗಳವಾಡೋಕೆ ಅಂತಲೇ ಅನ್ನಿ.

ಹೊಲದಲ್ಲಿ ಜೋಳವೇ ಇರಲಿಲ್ಲ. ಕೊಯ್ದ ಮೆಕ್ಕೆಜೋಳದ ಕೂಳೆ, ಆಚೆ ಬೋರಿನ ನೀರಿಗೆ ನಿಂತ ಒಂದೆಕರೆ ಅಡಿಕೆ. 1997ರ ತನಕ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರು ಬರಕ್ಕೆ ಹೆಸರಾದ ತಾಲ್ಲೂಕು. ಅಲ್ಲಿ ಅಡಿಕೆ ನೋಡಿ ನಾನು ಬೆರಗಾದೆ. ‘ಎಷ್ಟು ಅಡಿ ಕೊರೆಸಿದೆ?’ ಅಂದೆ. ‘ಕೇಳಬ್ಯಾಡ’ ಅಂದ.

‘ಎರಡು ಸಾಲಾದ್ರೂ ಜೋಳ ಹಾಕಬಾರದೇನೋ? ಸೀತನಿಗಾದ್ರೂ?’

ಅವನು ಬದುವಿನ ಮೇಲೆ ಕೂತ. ‘ಸುತ್ತ ಎಲ್ಲೂ ಜ್ವಾಳ ಇಲ್ಲ. ನಾನೊಬ್ಬನೇ ಎರಡು ಸಾಲು ಹಾಕಿದ್ರೆ ತಾಲ್ಲೂಕಿನ ಹಕ್ಕಿಯೆಲ್ಲ ಇಲ್ಲೇ ಇಳಿತಾವ. ಕಾಯೋರು ಯಾರು? ಮೆಕ್ಕೆಜೋಳಕ್ಕೆ ಸಿಪ್ಪೆ ಇದೆ. ಕಾಯೋದೂ ಬ್ಯಾಡ, ಎಪಿಎಂಸಿಗೆ ಹಾಕಿದ್ರೆ ದುಡ್ಡು.’ ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ ಹೇಳಿದ: ‘ನೀನು ಹಾಸ್ಟೆಲಿಂದ ರಜಕ್ಕೆ ಬಂದು ಸೀತನಿ ತಿಂದು ಹೋಗ್ತಿದ್ದಿ. ಹಕ್ಕಿ ಹೊಡಿತಿದ್ದೋನು ನಾನು.’

ನಿಜ. ಎಂಟನೇ ಕ್ಲಾಸಿಗೇ ನಾನು ದಾವಣಗೆರೆ ಹಾಸ್ಟೆಲ್ ಸೇರಿದೆ. ಅವನು ಬೆಳಕು ಹರಿಯೋ ಮುಂಚೆ ಅಟ್ಟಣಿಗೆ ಹತ್ತಿ, ಕವಣೆ ಬೀಸಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಹತ್ತುತ್ತಿದ್ದ. ಕೊನೆಗೊಂದು ವರ್ಷ ಸ್ಕೂಲಿಗೆ ಹೋಗೋದನ್ನೇ ಬಿಟ್ಟ. ಈಗ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತೆ. ನಾನಿದ್ದ ಮೂರು ರಾತ್ರಿಯಲ್ಲಿ ಎರಡು ರಾತ್ರಿ, ಅವನು ಒಂದು ಗಂಟೆಗೆ ಎದ್ದು ಟಾರ್ಚು ಹಿಡಿದು ಮೋಟರು ಹಾಕೋಕೆ ಹೋದ. ನಾನು ನಕ್ಷತ್ರ ನೋಡೋಣ ಅಂತ ಮಾಳಿಗೆ ಮೇಲೆ ಮಲಗಿದ್ದೆ.

ಒಪ್ಪಿಕೊಳ್ಳಬೇಕು. ತಿಂಗಳು ತಿಂಗಳು ಬಡ್ಡಿ ದುಡ್ಡು ಬರೋನಿಗೆ ಹಳ್ಳಿ ಚೆನ್ನಾಗೇ ಇರುತ್ತೆ. ಹಾಗಂತ ಪಫ್ಸನ್ನು ನಾನಿನ್ನೂ ಕ್ಷಮಿಸಿಲ್ಲ. ಸೀತನಿ ಇಲ್ಲದಿದ್ದರೆ ಒಂದು ರೊಟ್ಟಿ, ಮೇಲೊಂದಿಷ್ಟು ಗುರೆಳ್ಳು ಚಟ್ನಿಪುಡಿ ಸಾಕಿತ್ತು.

ಸಾಸವಡದ ಹುರಡಾ ಪಾರ್ಟಿ ಬಗ್ಗೆ ಹೇಳಿದಾಗ ತಮ್ಮನಿಗೆ ನಂಬಿಕೆಯೇ ಬರಲಿಲ್ಲ. ‘ಎಂಟುನೂರಾ? ಒಬ್ಬೊಬ್ಬರಿಗಾ?’ ಅಂತ ಎರಡು ಸಲ ಕೇಳಿದ. ಆಮೇಲೆ, ‘ಅಲ್ಲಿ ಹಕ್ಕಿ ಯಾರು ಕಾಯ್ತಾರೆ?’ ಅಂದ.

ನನಗೆ ಗೊತ್ತಿರಲಿಲ್ಲ. ‘ಕೇಳಿ ಫೋನ್ ಮಾಡ್ತೀನಿ’ ಅಂದೆ.

ವಾಪಸ್ ಬಂದ ವಾರವೇ ಆ ತೋಟದವರನ್ನು ಕೇಳಿದೆ. ಮರಾಠವಾಡ ಕಡೆಯ ಗಂಡ ಹೆಂಡತಿ ಅಂತೆ. ಕಾರು ನಿಲ್ಲಿಸೋ ಜಾಗದ ಹಿಂದೆ, ನೀಲಿ ತಾಡಪಾಲಿನ ಗುಡಿಸಲಲ್ಲಿ ಇರುತ್ತಾರೆ. ಹೊಲದ ಉದ್ದಕ್ಕೂ ಹಗ್ಗ ಕಟ್ಟಿ, ಹಗ್ಗಕ್ಕೆ ಖಾಲಿ ಎಣ್ಣೆ ಡಬ್ಬ ನೇತುಹಾಕಿ, ನಸುಕಿನಿಂದ ಕೂತು ಎಳೆಯುತ್ತಾರೆ. ಎರಡು ವರ್ಷ ನಾನು ಹೊದಿಕೆಯೊಳಗೆ ಬಿದ್ದುಕೊಂಡು ಕೇಳುತ್ತಿದ್ದ ತಗಡಿನ ಸದ್ದು ಅದು.

ತಮ್ಮನಿಗೆ ಇನ್ನೂ ಫೋನ್ ಮಾಡಿಲ್ಲ.