ಎಡಗಾಲಿನ ನಿರುದ್ಯೋಗ

20 ವರ್ಷ ಕ್ಲಚ್ ತುಳಿದ ಎಡಗಾಲಿಗೆ ನಿವೃತ್ತಿ ಕೊಡಿಸುವ ಪುಣ್ಯ ಕಟ್ಟಿಕೊಳ್ಳಲು ಹೋಗಿ ನಾನು ಕೆಟ್ಟೆ. ಶಿರಸಿಯ ಹಳೆ ಕಾರಿನ ದಲ್ಲಾಳಿ ಬಾನೆಟ್ ತಟ್ಟುತ್ತ, "ಆಟೋಮ್ಯಾಟಿಕ್ ಹೆಗಡೆಯವರೇ, ಸುಮ್ಮನೆ ಕುಳಿತರೆ ಸಾಕು" ಎಂದ.

"ಯಾವ ಆಟೋಮ್ಯಾಟಿಕ್?" ಎಂದೆ, ಬಲ್ಲವನಂತೆ.

ಅವನು ಬೆರಳು ಮಡಚಿದ. ಟಾರ್ಕ್ ಕನ್ವರ್ಟರ್ ಆದರೆ ಕ್ಲಚ್ಚಿನ ಕೆಲಸ ಎಣ್ಣೆಯದು. ಸಿವಿಟಿಯಲ್ಲಿ ಎರಡು ರಾಟೆ, ನಡುವೆ ಒಂದು ಬೆಲ್ಟು. ಗೇರು ಬದಲಾಗುವ ಮಾತೇ ಇಲ್ಲ. ಇದು ಎಎಂಟಿ: ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚೂ ಇದೆ, ಅದನ್ನು ಒತ್ತಿ ಬಿಡಲು ಯಂತ್ರವೊಂದಿದೆ. ಅಂದರೆ ಕೊಟ್ಟಿಗೆಗೆ ಆಳು ಇಟ್ಟ ಹಾಗೆ! ನಮ್ಮ ಕಡೆ ಆಳು ಸಿಗುವುದೇ ಕಷ್ಟ, ಅಗ್ಗಕ್ಕೆ ಸಿಕ್ಕಿದರೆ ಬಿಡುವುದುಂಟೇ?

ಮೊದಲ ಸವಾರಿ ಕುಮಟೆಯ ಅಕ್ಕನ ಮನೆಗೆ. ಹಿಂದಿನ ಸೀಟಿನಲ್ಲಿ ಹೆಂಡತಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ರಾಗಿಹೊಸಳ್ಳಿಯ ಹತ್ತಿರ ಎಮ್ಮೆಯೊಂದು ರಸ್ತೆಗಿಳಿಯಿತು. ಎಡಗಾಲು ತಾನಾಗಿ ಎದ್ದು ಕ್ಲಚ್ ಹುಡುಕಿತು. ಅಲ್ಲಿದ್ದುದು ಅಗಲವಾದ ಬ್ರೇಕ್. ಎಡಗಾಲಿಗೆ ನಯವಾಗಿ ಒತ್ತುವುದು ಗೊತ್ತಿಲ್ಲ, ಬುಡದವರೆಗೂ ತುಳಿದೇ ಅಭ್ಯಾಸ. ಕಾರು ನಿಂತಿತು, ಭರಣಿ ನಿಲ್ಲಲಿಲ್ಲ. ಒಂದು ಮಿಡಿ ತೊಟ್ಟಿನ ಸಮೇತ ಉರುಳಿ ಬಂದು ಗೇರ್ ಲಿವರಿನ ಪಕ್ಕ, ಸರಿಯಾಗಿ 'ಡಿ' ಅಕ್ಷರದ ಮೇಲೆ ಕುಳಿತಿತು. ಸುತ್ತ ಕೆಂಪು ರಸ. ಎಮ್ಮೆ ನಿಧಾನವಾಗಿ ದಾಟಿತು.

"ಕಾರೇನೋ ಆಟೋಮ್ಯಾಟಿಕ್, ನೀವು?" ಎಂದಳು ಹೆಂಡತಿ. ಮುಂದೆ ಕುಮಟೆಯವರೆಗೂ ಮಾತಿಲ್ಲ.

ಮರಳುವಾಗ ಅಕ್ಕ ಸಿಹಿ ಈರುಳ್ಳಿಯ ಜಡೆ ಕೊಟ್ಟಿದ್ದಳು, ಅದು ಉರುಳುವ ವಸ್ತುವಲ್ಲ. ಆದರೆ ದೇವಿಮನೆ ಘಟ್ಟದ ಏರಿನಲ್ಲಿ ಲಾರಿಯ ಹಿಂದೆ ನಿಲ್ಲಬೇಕಾಯಿತು. ಲಾರಿ ಹೊರಟಿತು, ಬ್ರೇಕಿನಿಂದ ಕಾಲೆತ್ತಿದೆ. ನಮ್ಮ ಆಳು ಕ್ಲಚ್ ಹಿಡಿಯಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಕಾರು ಕುಮಟೆಯ ಕಡೆಗೆ ಎರಡು ಅಡಿ ಜಾರಿತು. ಎಎಂಟಿ ನಮ್ಮ ಸಣ್ಣ ಕಾರುಗಳಿಗೆ ಬಂದದ್ದೇ 2014ರಲ್ಲಿ. ಇದು ಆ ಮೊದಮೊದಲಿನ ಗಾಡಿ, ಏರಿನಲ್ಲಿ ಹಿಡಿದು ನಿಲ್ಲಿಸುವ ಹಿಲ್ ಹೋಲ್ಡ್ ಇದಕ್ಕಿಲ್ಲ. ಹಿಂದಿದ್ದ ಬಸ್ಸಿನವನು ಹಾರ್ನಿನಲ್ಲೇ ನನ್ನ ವಂಶಾವಳಿ ಓದಿದ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಕಾರು ಮುಂದಕ್ಕೆ ಜಗ್ಗಿದಾಗ ಬಿಟ್ಟು ಹತ್ತಿಸಿದೆ. ಆಳಿದ್ದರೂ ಸಗಣಿ ಎತ್ತಿದವನು ನಾನೇ.

ಮೊನ್ನೆ ಮಾರಲೆಂದು ಅದೇ ದಲ್ಲಾಳಿಯ ಹತ್ತಿರ ಒಯ್ದೆ. ಬಾಗಿಲು ತೆರೆದು ತಲೆ ಒಳಗೆ ಹಾಕಿದವನು ಗೇರ್‌ಬಾಕ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ಉಗುಳು ನುಂಗಿ, "ಹೆಗಡೆಯವರೇ, ಊಟದ ಹೊತ್ತಾಯಿತಲ್ಲವೇ?" ಎಂದ.