ಅರ್ಧ ಸುತ್ತು

ನಮ್ಮ ಮನೆಯ ದೇವರ ದೀಪ ಮತ್ತು ನನ್ನ ಬೈಕಿನ ಕಾರ್ಬೋರೇಟರ್ ಜೆಟ್ಟು, ಎರಡೂ ಹಿತ್ತಾಳೆಯವು. ಈ ಸಂಗತಿ ಅಮ್ಮನಿಗೆ ಗೊತ್ತಾಗಬಾರದಿತ್ತು.

ಮೊದಲಿಂದ ಹೇಳುತ್ತೇನೆ. ಕಾರ್ಬೋರೇಟರ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಜೆಟ್ಟು ಅಂದರೆ ಅದರೊಳಗೆ ಪೆಟ್ರೋಲ್ ಹಾದುಬರುವ ಸಣ್ಣ ತೂತಿನ ತುಂಡು. ಮೂರು ವರ್ಷದ ಹಿಂದೆ ನಾನೊಂದು ಹಳೆಯ ಹೀರೋ ಇಂಪಲ್ಸ್ ತಗೊಂಡೆ. 2012ರ ಗಾಡಿ, 150 ಸಿಸಿ. ಡಾಂಬರಿಗೂ ಸೈ, ಮಣ್ಣಿಗೂ ಸೈ ಅನ್ನುವ ಜಾತಿ. ಮುಂದಿನ ಚಕ್ರವೇ 19 ಇಂಚು. ಸೀಟು ನನ್ನ ಸೊಂಟದ ಹತ್ತಿರ ಬರುತ್ತದೆ. ನನ್ನ ಎತ್ತರ ಐದಡಿ ನಾಲ್ಕಿಂಚು. ಕೊಳ್ಳುವಾಗ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು, ಹಾಗಾಗಿ ಇದು ಹೊಳೆಯಲಿಲ್ಲ. ಮೊದಲ ವಾರವೇ ವಿಜಯನಗರದ ಟೀ ಅಂಗಡಿ ಮುಂದೆ, ಗಾಡಿ ನಿಂತಿದ್ದಾಗಲೇ ಬಿದ್ದೆ. ಓಡುವಾಗ ಬಿದ್ದರೆ ಜನ ಎಬ್ಬಿಸಲು ಬರುತ್ತಾರೆ. ನಿಂತಲ್ಲೇ ಬಿದ್ದರೆ ಟೀ ಕುಡಿಯುತ್ತಾ ನೋಡುತ್ತಾರೆ.

ಗಾಡಿ ಮಾತ್ರ ಚೆನ್ನಾಗಿ ಓಡುತ್ತಿತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆದರೆ ಇಂಥ ಗಾಡಿ ಇಟ್ಟುಕೊಂಡವರು ಅದನ್ನು ಸುಮ್ನೆ ಓಡಿಸುವುದಿಲ್ಲ. ಏನಾದರೂ ಹಾಕಿಸಬೇಕು. ಮೊದಲು ಕೈ ಹಿಡಿಕೆಗೆ ಗಾರ್ಡ್ ಹಾಕಿಸಿದೆ. ಇದು ಒಳ್ಳೆಯ ಕೆಲಸ. ಟೀ ಅಂಗಡಿ ಮುಂದೆ ಎರಡನೇ ಸಲ ಬಿದ್ದಾಗ ಕ್ಲಚ್ ಲಿವರ್ ಮುರಿಯಲಿಲ್ಲ. ಆಮೇಲೆ ಎಂಜಿನ್ ಹೊಟ್ಟೆಗೆ ಕಲ್ಲು ಬಡಿಯದ ಹಾಗೆ ಕೆಳಗೊಂದು ಅಲ್ಯೂಮಿನಿಯಂ ತಟ್ಟೆ ಕೂರಿಸಿದೆ. ಇದೂ ಒಳ್ಳೆಯದೇ. ಆದರೆ ಆಯಿಲ್ ಇಳಿಸುವ ಬೋಲ್ಟಿನ ಕೆಳಗೆ ಅದರಲ್ಲಿ ತೂತು ಇರಬೇಕು. ನಾನು ಅಗ್ಗಕ್ಕೆ ಮಾಡಿಸಿದ್ದರಲ್ಲಿ ಇರಲಿಲ್ಲ. ಪಕ್ಕದ ಸಂದಿಯಿಂದ ಸ್ಪಾನರ್ ತೂರಿಸಿ ಬೋಲ್ಟ್ ಬಿಚ್ಚಿದೆ. ಬೇಸಿನ್ ಹಿಡಿದು ಕಾದೆ. ಏನೂ ಬರಲಿಲ್ಲ. ಆಯಿಲ್ ಎಲ್ಲ ತಟ್ಟೆಯೊಳಗೇ ನೆಮ್ಮದಿಯಾಗಿ ಕೂತಿತ್ತು. ಮುಂದಿನ ಎಂಟು ದಿನ ಅದು ಮನೆ ಓನರ್ ಹೊಸದಾಗಿ ಹಾಕಿಸಿದ ಟೈಲ್ಸ್ ಮೇಲೆ ತೊಟ್ಟು ತೊಟ್ಟಾಗಿ ಇಳಿಯಿತು.

ಮೂರನೆಯದು ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಘಾಟಿಯಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ. ನಿಜ, ಎಳೆಯಿತು. ಹೈವೇಯಲ್ಲಿ ಮಾತ್ರ ಅರವತ್ತು ದಾಟಿದರೆ ಮಿಕ್ಸಿಗೆ ಕೊಬ್ಬರಿ ಹಾಕಿದ ಸದ್ದು. ಹಲ್ಲು ಕಡಿಮೆಯಾದರೆ ಚೈನು ಸಡಿಲವಾಗುತ್ತದೆ, ಹಿಂದಿನ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡಬೇಕು ಅನ್ನುವುದನ್ನು ಚೈನು ಕಳಚಿ ಬಿದ್ದ ಮೇಲೆ ಕಲಿತೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ನಾಲ್ಕನೆಯದಾಗಿ ಜಾಸ್ತಿ ಗಾಳಿ ಎಳೆಯುವ ಏರ್ ಫಿಲ್ಟರ್ ಹಾಕಿದೆ.

ಎಂಜಿನ್ ಅಂದರೆ ಒಂದು ರೀತಿಯಲ್ಲಿ ಒಲೆ. ಗಾಳಿ ಜಾಸ್ತಿ ಕೊಟ್ಟರೆ ಸೌದೆಯನ್ನೂ ಜಾಸ್ತಿ ಕೊಡಬೇಕು. ನಾನು ಗಾಳಿ ಮಾತ್ರ ಕೊಟ್ಟೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಮೆಕ್ಯಾನಿಕ್‌ಗಳು ಲೀನ್ ಅನ್ನುತ್ತಾರೆ, ಉಲ್ಟಾ ಆದರೆ ರಿಚ್. ಲೀನ್ ಗಾಡಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಬಿಸಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಸೈಲೆನ್ಸರ್‌ನಲ್ಲಿ ಟಪ್ ಟಪ್ ಅಂತ ಹೊಡೆಯುತ್ತದೆ. ನನ್ನದು ಮೂರನ್ನೂ ಶುರು ಮಾಡಿತು. ಮೂಲೆಮನೆಯ ಮೇಷ್ಟ್ರು ಗೇಟಿನಲ್ಲಿ ತಡೆದು, "ಹಬ್ಬ ಮುಗಿದು ಎರಡು ತಿಂಗಳಾಯ್ತಲ್ಲಪ್ಪಾ" ಎಂದರು.

ಆಗ ಮಂಡ್ಯದ ಮಾವನಿಗೆ ಫೋನ್ ಮಾಡಿದೆ. ಅಮ್ಮನ ತಮ್ಮ. ಆರ್‌ಎಕ್ಸ್ 100 ಇಟ್ಟಿದ್ದಾರೆ. ಆ ಗಾಡಿ ಬರುವುದು ನಿಂತು ಮೂವತ್ತು ವರ್ಷ ಆಗುತ್ತಾ ಬಂತು, ಮಾವನ ಪಾಲಿಗೆ ನಿನ್ನೆ ನಿಂತಿದೆ. ಫೋನಿನಲ್ಲೇ ಸದ್ದು ಕೇಳಿಸಿಕೊಂಡರು.

"ಲೀನ್ ಆಗೈತೆ ಕಣೋ. ಕಾರ್ಬೋರೇಟರ್ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಐತೆ ನೋಡು. ಅರ್ಧ ಸುತ್ತು ಒಳಕ್ಕೆ ತಿರುಗ್ಸು."

ತಿರುಗಿಸಿದೆ. ಟಪ್ ಟಪ್ ಜಾಸ್ತಿಯಾಯಿತು.

"ಇನ್ನರ್ಧ ಸುತ್ತು."

ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದಿದ್ದರೂ ಎಂಜಿನ್ ಓಡುತ್ತಿರುವುದು, ನಿಂತೇ ಹೋಯಿತು.

"ಹಂಗಾದ್ರೆ ಪೂರ್ತಿ ಟೈಟ್ ಮಾಡು. ಆಮೇಲೆ ನೋಡಾಣ."

ಮಾವ ಸುಳ್ಳು ಹೇಳಲಿಲ್ಲ. ಅವರ ಗಾಡಿಗೆ ಅದೇ ಸರಿ. ಬಚ್ಚಲಲ್ಲಿ ಎರಡು ನಲ್ಲಿ ಇರುತ್ತವಲ್ಲ, ಒಂದು ಬಿಸಿನೀರಿನದು, ಒಂದು ತಣ್ಣೀರಿನದು. ನೀರು ಇನ್ನಷ್ಟು ಬಿಸಿ ಬೇಕೆಂದರೆ ತಣ್ಣೀರಿನ ನಲ್ಲಿ ಮುಚ್ಚಬಹುದು, ಇಲ್ಲವೇ ಬಿಸಿನೀರಿನ ನಲ್ಲಿ ತೆರೆಯಬಹುದು. ಆರ್‌ಎಕ್ಸ್‌ನಲ್ಲಿರುವುದು ಏರ್ ಸ್ಕ್ರೂ, ಫಿಲ್ಟರ್ ಕಡೆಗೆ ಇರುತ್ತದೆ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಗಾಡಿ ರಿಚ್ ಆಗುತ್ತದೆ. ನನ್ನದರ ಸ್ಕ್ರೂ ಎಂಜಿನ್ ಕಡೆಗಿದೆ. ಅದನ್ನು ಒಳಕ್ಕೆ ತಿರುಗಿಸಿದರೆ ಕಡಿಮೆಯಾಗುವುದು ಪೆಟ್ರೋಲು. ಮಾವ ತಣ್ಣೀರಿನ ನಲ್ಲಿ ಮುಚ್ಚು ಎಂದರು, ನಾನು ಮಂಡ್ಯದಿಂದ ಬಂದ ಆಜ್ಞೆಯಂತೆ ಬಿಸಿನೀರಿನ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದೆ. ನೀರು ತಣ್ಣಗಾಗುತ್ತಿದೆ ಎಂದು ಇನ್ನೂ ಬಿಗಿ ಮಾಡಿದೆ.

ಇದು ಆಗ ನನಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. "ಹಂಗಾದ್ರೆ ಜೆಟ್ಟು ಕಟ್ಕೊಂಡೈತೆ, ಬಿಚ್ಚು" ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹಜಾರದಲ್ಲಿ ಪೇಪರ್ ಹಾಸಿಕೊಂಡು ಕೂತೆ. ಮೊದಲ ಸ್ಕ್ರೂನ ತಲೆಯೇ ಹಾಳಾಯಿತು. ಜಪಾನಿನ ಅಳತೆಯ ಸ್ಕ್ರೂ ನೋಡಲು ನಮ್ಮ ಸ್ಟಾರ್ ಸ್ಕ್ರೂ ಹಾಗೇ ಇರುತ್ತದೆ. ಆದರೆ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರ ತಳಕ್ಕೆ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದರೆ ಜಾರುತ್ತದೆ, ಜಾರುತ್ತಾ ತಲೆಯನ್ನು ಕೊರೆದು ಗುಂಡಿ ಮಾಡುತ್ತದೆ. ಹೇಗೋ ಅದನ್ನು ತೆಗೆದು, ಉಳಿದ ಮೂರನ್ನು ಮೆಲ್ಲಗೆ ಬಿಚ್ಚಿದೆ. ಮುಚ್ಚಳ ತೆಗೆದೊಡನೆ ಒಳಗಿದ್ದ ಸ್ಪ್ರಿಂಗು ಚಂಗನೆ ಹಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಅದನ್ನು ಹುಡುಕುವಾಗ ಕಳೆದ ವರ್ಷ ಕಳೆದುಹೋಗಿದ್ದ ಗ್ಯಾಸ್ ಲೈಟರ್ ಸಿಕ್ಕಿತು. ಇಡೀ ರಿಪೇರಿಯಲ್ಲಿ ಮನೆಗೆ ಆದ ಲಾಭ ಇದೊಂದೇ.

ಸ್ಪ್ರಿಂಗಿನ ಕೆಳಗೆ ಡಯಾಫ್ರಂ ಇರುತ್ತದೆ. ಹಪ್ಪಳದಷ್ಟು ತೆಳ್ಳಗಿನ ರಬ್ಬರು. ಎಂಜಿನ್ ಗಾಳಿ ಎಳೆದಂತೆ ಅದು ಮೇಲೇಳುತ್ತದೆ, ತನ್ನ ಜೊತೆ ಸೂಜಿಯನ್ನೂ ಎತ್ತಿ ಪೆಟ್ರೋಲಿಗೆ ದಾರಿ ಬಿಡುತ್ತದೆ. ಇದರ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಬಾರದು. ಡಬ್ಬಿಯ ಮೇಲೆ ಬಹಳ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಓದಲು ಕನ್ನಡಕ ಬೇಕು, ಕನ್ನಡಕಕ್ಕೂ ಸ್ಪ್ರೇ ಹೊಡೆದುಕೊಂಡಿದ್ದೆ. ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ರಬ್ಬರು ಅಗಲವಾಯಿತು. ಮೊದಲು ಸಲೀಸಾಗಿ ಕೂರುತ್ತಿದ್ದ ಜಾಗದಲ್ಲಿ ಈಗ ಅಂಚು ಎದ್ದು ನಿಂತಿತು.

ಅಷ್ಟರಲ್ಲಿ ಅಮ್ಮ ಬಂದರು. ತಟ್ಟೆಯಲ್ಲಿದ್ದ ಎರಡು ಜೆಟ್ಟನ್ನು ಎತ್ತಿ ನೋಡಿದರು.

"ಹಿತ್ತಾಳೆ ತಾನೆ? ಎಷ್ಟು ಕಿಲುಬು ಹಿಡಿದಿದೆ ನೋಡು. ನಿನಗೆ ಇದೆಲ್ಲ ಬರಲ್ಲ, ಕೊಡು."

ಹತ್ತು ನಿಮಿಷದಲ್ಲಿ ವಾಪಸ್ ತಂದುಕೊಟ್ಟರು. ಚಿನ್ನದ ಹಾಗೆ ಹೊಳೆಯುತ್ತಿದ್ದವು. ನಿಜಕ್ಕೂ ಖುಷಿಯಾಯಿತು. ಐಡ್ಲಿಂಗಿನಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ಮೇಲೆ 38 ಎಂಬ ಅಂಕಿ ಆಗಷ್ಟೇ ಕಾಣಿಸಿತು. ಅಂದರೆ ಒಳಗಿನ ತೂತು ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ನೂರರಲ್ಲಿ 38 ಪಾಲು. ಹುಣಸೆಹಣ್ಣಿನ ನಾರು ಅಷ್ಟರೊಳಗೆ ತೂರುತ್ತದೆ. ಹೊರಗೆ ಮಾತ್ರ ಬರುವುದಿಲ್ಲ.

ಬೆಳಕಿಗೆ ಹಿಡಿದು ನೋಡಿದರೆ ಕತ್ತಲೆ. ಊದಿದೆ. ಬಾಯೆಲ್ಲ ಪೆಟ್ರೋಲು, ಜೊತೆಗೆ ಸ್ವಲ್ಪ ಹುಳಿ. ಕೊನೆಗೆ ಹೆಂಡತಿಯ ಸೀರೆಯ ಪಿನ್ನು ತಗೊಂಡು ಚುಚ್ಚಿದೆ. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕಿನ ಪಿನ್ನು ಹಾಕಿದರೆ ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಎಳೆ ಹಾಕಬೇಕಿತ್ತು. ನನ್ನ 38 ಈಗ ಎಷ್ಟೆಂದು ದೇವರಿಗೇ ಗೊತ್ತು. ಅಮ್ಮ, "ನಾನು ತೊಳೆದುಕೊಟ್ಟಾಗ ಚೆನ್ನಾಗಿತ್ತಪ್ಪ" ಎಂದರು.

ಮರುದಿನ ಬೆಳಿಗ್ಗೆ ಡಯಾಫ್ರಂ ಒಣಗಿ ತಾನಾಗೇ ಮೊದಲಿನಷ್ಟಾಗಿತ್ತು. ಎಲ್ಲವನ್ನೂ ಜೋಡಿಸಿದೆ. ಗಾಡಿ ಸ್ಟಾರ್ಟೂ ಆಯಿತು. ಆದರೆ ಆ ಸ್ಕ್ರೂ ಇನ್ನೂ ಬಿಗಿಯಾಗಿಯೇ ಇತ್ತಲ್ಲ, ಟಪ್ ಟಪ್ ಹೋಗಲಿಲ್ಲ. ಜೋರಾಗಿ ಓಡಿಸುವಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ದೊಡ್ಡದು ಹಾಕೋಣವೆಂದು ಜೆ.ಸಿ. ರೋಡಿಗೆ ಹೋದೆ.

"ಯಾವ ನಂಬರ್ ಸಾರ್?"

"ದೊಡ್ಡದು."

"ಎಷ್ಟು ದೊಡ್ಡದು?"

"ಇರೋದ್ರಲ್ಲಿ ದೊಡ್ಡದು ಕೊಡಿ."

ಅಂಗಡಿಯವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೊಟ್ಟರು. ವ್ಯಾಪಾರ ಅಲ್ವಾ.

ಅದೇ ವಾರ ಆಫೀಸಿನ ಹುಡುಗನೊಬ್ಬ ಸ್ಕ್ರೂ ಉಲ್ಟಾ ಎಂಬ ಸತ್ಯ ಹೇಳಿದ. ನನಗೆ ಬಂದ ಸಿಟ್ಟಿಗೆ ಅದನ್ನು ನಾಲ್ಕು ಸುತ್ತು ಹೊರಕ್ಕೆ ತಿರುಗಿಸಿದೆ. ಟಪ್ ಟಪ್ ನಿಂತಿತು. ಪೆಟ್ರೋಲ್ ವಾಸನೆ ಶುರುವಾಯಿತು. ಮೈಲೇಜ್ ವಿಷಯ ಬೇಡ. ಗೆದ್ದೆ ಎಂದುಕೊಂಡು, ಡಿಸೆಂಬರಿನಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟೆ.

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಮುಳ್ಳಯ್ಯನಗಿರಿ 1,930 ಮೀಟರ್. ಸಾವಿರ ಮೀಟರ್ ಏರಿದರೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾಗುತ್ತದೆ. ಕಾರ್ಬೋರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿಗೆ ಸೆನ್ಸರ್ ಇದನ್ನು ಹೇಳಿಕೊಡುತ್ತದೆ, ಅದು ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬೋರೇಟರಿಗೆ ಬೆಟ್ಟ ಹತ್ತುತ್ತಿದ್ದೇವೆ ಅಂತ ಯಾರು ಹೇಳಬೇಕು? ಮದುವೆಮನೆಯಲ್ಲಿ ಬೇಡವೆಂದರೂ ಬಡಿಸುವವರ ಹಾಗೆ ಸುರಿಯುತ್ತಲೇ ಇರುತ್ತದೆ. ಎಲ್ಲ ಸರಿಯಿದ್ದ ಗಾಡಿಯೇ ಮೇಲೆ ಸ್ವಲ್ಪ ರಿಚ್ ಆಗುತ್ತದೆ. ನನ್ನದರಲ್ಲಿ ದೊಡ್ಡ ಮೇನ್ ಜೆಟ್, ಪಿನ್ನಿನಿಂದ ಅಗಲವಾದ ಪೈಲಟ್ ಜೆಟ್, ನಾಲ್ಕು ಸುತ್ತು ತೆರೆದ ಸ್ಕ್ರೂ.

"ರೀ, ಹಿಂದಿನ ಕಾರಿನವರು ಗಾಜು ಏರಿಸಿಕೊಂಡ್ರು" ಎಂದಳು.

"ಚಳಿ ಅಲ್ವಾ."

"ಚಳಿ ಅಲ್ಲ ರೀ, ಹೊಗೆ. ಕಪ್ಪು ಹೊಗೆ."

ಸೀತಾಳಯ್ಯನಗಿರಿಯ ಹತ್ತಿರ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಏಳಲಿಲ್ಲ. ಬಂದ ಘಾಟಿಯನ್ನು ಎಂಜಿನ್ ಇಲ್ಲದೆ, ನ್ಯೂಟ್ರಲ್‌ನಲ್ಲಿ ಇಳಿದೆವು. ನಮ್ಮ ಗಾಡಿ ಅಷ್ಟು ನಯವಾಗಿ, ಸದ್ದಿಲ್ಲದೆ ಓಡಿದ್ದು ಅದೇ ಮೊದಲು. ಹೆಂಡತಿ, "ಈಗ ಸರಿಯಾಯ್ತು ನೋಡಿ" ಎಂದಳು. ಅವಳಿಗೆ ಆಫ್ ಆಗಿರುವುದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ರಸ್ತೆ ಸಮವಾದ ಮೇಲೆ ಹೇಳಲೇಬೇಕಾಯಿತು. ಒಬ್ಬ ಜೀಪಿನವರ ಹಗ್ಗ ಹಿಡಿದು ಚಿಕ್ಕಮಗಳೂರಿನ ಅಂಚಿನ ಒಂದು ಸಣ್ಣ ಗ್ಯಾರೇಜ್ ಸೇರಿದೆವು. ಮೆಕ್ಯಾನಿಕ್‌ಗೆ ಅರವತ್ತರ ಮೇಲಿರಬಹುದು. ನಾನು ಕಥೆ ಹೇಳಲು ಬಾಯಿ ತೆರೆದೆ, ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಗೆ ಕೊಟ್ಟರು. ಕಾಡಿಗೆಯ ಹಾಗಿತ್ತು.

"ಇದು ಡಿಕಾಕ್ಷನ್ ಆಯ್ತು ಸಾರ್. ಹಾಲು ಹಾಕಿದ ಕಾಫಿ ಬಣ್ಣ ಬರ್ಬೇಕು. ಬೆಳ್ಳಗಿದ್ರೆ ಬರೀ ಹಾಲು, ಅದೂ ಆಗಲ್ಲ."

ಕಾರ್ಬೋರೇಟರ್ ಬಗ್ಗೆ ನಾನು ನೋಡಿದ ಅಷ್ಟೂ ವಿಡಿಯೋಗಳಲ್ಲಿ ಯಾರೂ ಇದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಕಾಫಿ ಊರಿನವರು.

ಹಳೆಯ ಮೇನ್ ಜೆಟ್ ಪುಣ್ಯಕ್ಕೆ ನನ್ನ ಪರ್ಸಿನಲ್ಲಿತ್ತು, ಅದನ್ನು ಹಾಕಿದರು. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕೇಳದೆ ಬೇರೆ ಹಾಕಿದರು. ಹಳೆಯ ಫಿಲ್ಟರ್ ಮನೆಯಲ್ಲಿದೆ ಎಂದೆ. ಅವರ ಗೋಡೌನಿನಲ್ಲಿ ಅದೇ ಎಂಜಿನ್ನಿನ ಗಾಡಿಯದೊಂದು ಸಿಕ್ಕಿತು. ಆಮೇಲೆ ಆ ಸ್ಕ್ರೂಗೆ ಬಂದರು. ಎರಡೇ ಬೆರಳಲ್ಲಿ, ಮಗುವಿನ ಕಿವಿ ಮುಟ್ಟಿದ ಹಾಗೆ, ತಳ ಮುಟ್ಟುವ ತನಕ ಒಳಕ್ಕೆ. ಅಲ್ಲಿಂದ ಎಣಿಸಿಕೊಂಡು ಹೊರಕ್ಕೆ. ಗಾಡಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ, ಐಡ್ಲಿಂಗ್ ಎಲ್ಲಿ ಜಾಸ್ತಿ ಏರುತ್ತದೋ ಅಲ್ಲಿ ನಿಲ್ಲಿಸಿದರು.

"ಕಂಪನಿ ಸೆಟ್ಟಿಂಗಿಗಿಂತ ಅರ್ಧ ಸುತ್ತು ಆಚೆ ಇಟ್ಟಿದೀನಿ. ಈಗಿನ ಪೆಟ್ರೋಲಿಗೆ ಬೇಕು."

ಅದೂ ನಿಜವೇ. ನೂರರಲ್ಲಿ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದರು. ಒಂದು ಕೆಜಿ ಬರೀ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ ಒಂಬತ್ತು ಸಾಕು, ಅದು ಆಮ್ಲಜನಕವನ್ನು ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಹಾಗಾಗಿ 2012ರ ಕಾರ್ಬೋರೇಟರಿಗೆ ಈಗಿನ ಪೆಟ್ರೋಲ್ ಸ್ವಲ್ಪ ಲೀನ್. ಅರ್ಧ ಸುತ್ತಿನಷ್ಟು.

ಅಂದರೆ ಮೊದಲ ದಿನ ಮಾವ ಹೇಳಿದ ಅರ್ಧ ಸುತ್ತು ಸರಿಯಾಗಿಯೇ ಇತ್ತು. ದಿಕ್ಕು ಮಾತ್ರ ಬೇರೆ.

ಎಲ್ಲ ಸೇರಿ ಆರುನೂರು ತಗೊಂಡರು. ಹೊರಡುವಾಗ ಹೆಂಡತಿ ಬ್ಯಾಗಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು, "ಆ ಸ್ಕ್ರೂ ಎಲ್ಲಿದೆ ತೋರಿಸಿ" ಎಂದು ಮೆಕ್ಯಾನಿಕ್‌ನ ಕೇಳಿದಳು. ಸ್ಕ್ರೂನಿಂದ ಕಾರ್ಬೋರೇಟರ್ ಮೈಮೇಲಕ್ಕೆ ಸೇರುವಂತೆ ಒಂದು ಗೆರೆ ಎಳೆದಳು. "ಇದು ಅಲುಗಾಡಿದ್ರೆ ನನಗೆ ಗೊತ್ತಾಗತ್ತೆ" ಎಂದಳು. ಮೆಕ್ಯಾನಿಕ್ ನನ್ನ ಮುಖ ನೋಡಲಿಲ್ಲ. ದೊಡ್ಡ ಮನುಷ್ಯರು.

ಏಳು ತಿಂಗಳಾಯಿತು. ಗಾಡಿ ಒಂದೇ ಸದ್ದಿಗೆ ಸ್ಟಾರ್ಟ್ ಆಗುತ್ತದೆ. ಪ್ಲಗ್ಗು ಹಾಲು ಹಾಕಿದ ಕಾಫಿ ಬಣ್ಣ. ಮೇಷ್ಟ್ರು ಗೇಟಿನಲ್ಲಿ ಬರೀ ನಮಸ್ಕಾರ ಹೇಳುತ್ತಾರೆ. ಸ್ಕ್ರೂಡ್ರೈವರ್ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ.

ಶನಿವಾರ ಮಾವ ಮಂಡ್ಯದಿಂದ ಬಂದಿದ್ದರು. ಊಟ ಆದ ಮೇಲೆ ನಾನೊಂದು ನಿದ್ದೆ ತೆಗೆದೆ. ಎದ್ದು ಬಂದರೆ ಮಾವ ಗಾಡಿ ಪಕ್ಕ ನಿಂತು ಕರ್ಚೀಫಿನಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದರು. "ಸದ್ದು ಚೆನ್ನಾಗೈತೆ ಕಣೋ" ಎಂದರು. ಸಂಜೆ ಅವರನ್ನು ಬಸ್ ಹತ್ತಿಸಿ ಬಂದು ಬಗ್ಗಿ ನೋಡಿದೆ. ಕೆಂಪು ಗೆರೆಯ ಒಂದು ತುಂಡು ಕಾರ್ಬೋರೇಟರ್ ಮೈಮೇಲಿದೆ. ಸ್ಕ್ರೂ ಮೇಲಿನ ತುಂಡು ಆಚೆ ಬದಿಗೆ ತಿರುಗಿಕೊಂಡಿದೆ. ಹೆಂಡತಿ ಇನ್ನೂ ನೋಡಿಲ್ಲ.