ಚಿಟಿಕೆ ಉಪ್ಪು, ಮುಷ್ಟಿ ಬೆಲ್ಲ
ಬಡ ದೇಶಗಳಲ್ಲಿ ಜನರೇ ತಮ್ಮ ಸಮಸ್ಯೆಗಳಿಗೆ ದಾರಿ ಹುಡುಕಿಕೊಂಡ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಚೆನ್ನಾಗಿದೆ. ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಕೆಲಸವನ್ನೂ ಸೇರಿಸಬೇಕಿತ್ತು. 1980ರಿಂದ ಅವರ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಭೇದಿಯಾದ ಮಗುವಿಗೆ ಅರ್ಧ ಲೀಟರಿನಷ್ಟು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ ಹಾಕಿ ಕುಡಿಸೋದನ್ನು ತಾಯಂದಿರಿಗೆ ಕಲಿಸಿದರು. ತಾಯಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ ಕಾರ್ಯಕರ್ತೆಗೆ ದುಡ್ಡು! ನಮ್ಮಲ್ಲಿ ತರಬೇತಿ ಅಂದ್ರೆ ಸಹಿ, ಫೋಟೋ, ಉಪ್ಪಿಟ್ಟು.

ಜನರೇ ದಾರಿ ಹುಡುಕಿಕೊಳ್ಳೋದು ನಮ್ಮಲ್ಲೂ ಇದೆ. ಶಿರಸಿ ಕಡೆಯ ನಮ್ಮೂರಲ್ಲಿ ಮಳೆಗಾಲಕ್ಕೆ ಮೊದಲು ಮನೆಗೊಬ್ಬರು ಸೇರಿ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ, ಅಂದ್ರೆ ನಡೆದು ದಾಟುವ ಸಣ್ಣ ಸೇತುವೆ, ಹಾಕುತ್ತೇವೆ. ಬಳ್ಳಿ ಬದಲು ಈಗ ತಂತಿ ಕಟ್ಟುತ್ತೇವೆ, ಅಷ್ಟೇ ಸುಧಾರಣೆ. ಆದ್ರೆ ಇದನ್ನು ಜಾಸ್ತಿ ಹೊಗಳಬೇಡಿ. ಮಕ್ಕಳು ಶಾಲೆಗೆ ದಾಟುವಾಗ ನಮ್ಮ ಜೀವ ಕೈಯಲ್ಲಿರುತ್ತದೆ. ಊರವರೇ ಮಾಡಿಕೊಳ್ತಾರಲ್ಲ ಅಂತ ಪಕ್ಕಾ ಸೇತುವೆ ವರ್ಷವರ್ಷವೂ ಮುಂದಕ್ಕೆ ಹೋಗುತ್ತಿದೆ.